ನಾಯಿ ಕರ್ಕೊಂಡು ಹೆಂಡರ್ಸನ್‌ವಿಲ್ ಕಡೆ ಸೈಡರ್ ಕುಡಿಯೋಕೆ ಹೋದವರು ಯಾರಾದ್ರೂ ಇದ್ದೀರಾ?

ಶಾರ್ಲೆಟ್_ಕನ್ನಡತಿ

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಎರಡನೇ ವಾರ ಒಂದು ರಾತ್ರಿ ನಾರ್ತ್ ಕ್ಯಾರೊಲಿನಾದ ಹೆಂಡರ್ಸನ್‌ವಿಲ್‌ನಲ್ಲಿ ಉಳಿಯೋಣ ಅಂತಿದ್ದೇವೆ. ನಾನು, ನನ್ನ ಗಂಡ, ಊರಿಂದ ಬಂದಿರುವ ಅತ್ತೆ, ಮತ್ತೆ ನಮ್ಮ ಗುಂಡ. ಗುಂಡ ಅಂದರೆ ನಾಯಿ. ಅರ್ಧ ಬೀಗಲ್, ಇನ್ನರ್ಧ ಏನು ಅಂತ ಯಾರಿಗೂ ಗೊತ್ತಿಲ್ಲ. ನಾಲ್ಕು ವರ್ಷ, 28 ಪೌಂಡ್. ಬಾಯಿ ಮಾತ್ರ 80 ಪೌಂಡಿನದು.

ಸೇಬಿನ ತೋಟ ನೋಡಬೇಕು, ಮೂರು ನಾಲ್ಕು ಕಡೆ ಹಾರ್ಡ್ ಸೈಡರ್, ಅಂದರೆ ಸೇಬಿನ ಮದ್ಯ, ರುಚಿ ನೋಡಬೇಕು ಅಂತ ಆಸೆ. ಎಲ್ಲರ ವೆಬ್‌ಸೈಟಿನಲ್ಲೂ "ಡಾಗ್ ಫ್ರೆಂಡ್ಲಿ" ಅಂತ ಒಂದು ಪುಟ್ಟ ಪಂಜದ ಚಿತ್ರ ಇದೆ. ಅದರ ಅರ್ಥ ಏನು? ಒಳಗೂ ಬಿಡುತ್ತಾರಾ? ಮರದಿಂದ ಹಣ್ಣು ಕಿತ್ತುಕೊಳ್ಳುವ ಜಾಗಕ್ಕೂ ಬಿಡುತ್ತಾರಾ? ಒಂದು ದಿನಕ್ಕೆ ಎಷ್ಟು ಕಡೆ ಆಗಬಹುದು? ಅತ್ತೆ ಮದ್ಯ ಮುಟ್ಟಲ್ಲ, ಅವರಿಗೆ ಅಲ್ಲಿ ಏನು ಸಿಗುತ್ತೆ? ಹೋಗಿ ಬಂದವರು ದಯವಿಟ್ಟು ಹೇಳಿ.

ಗ್ರೀನ್‌ವಿಲ್_ವಾಸಿ

ನಮಗೆ ಅದು 25ನೇ ಹೆದ್ದಾರಿಯಲ್ಲಿ ಮುಕ್ಕಾಲು ಗಂಟೆ. ಹಾಗಾಗಿ ವರ್ಷಕ್ಕೆ ನಾಲ್ಕೈದು ಸಲ ಹೋಗುತ್ತೇವೆ, ಲ್ಯಾಬ್ರಡಾರ್ ಜೊತೆ.

ಮೊದಲು ಆ ಪಂಜದ ಚಿತ್ರದ ವಿಷಯ. ಅದಕ್ಕೆ ಕಡಿಮೆ ಅಂದ್ರೂ ಮೂರು ಅರ್ಥ ಇದೆ. ಕೆಲವರಿಗೆ "ಹೊರಗಿನ ಬೆಂಚಿನ ಹತ್ತಿರ ಕಟ್ಟಿಕೊಂಡು ಕೂರಬಹುದು" ಅಂತ. ಕೆಲವರಿಗೆ "ಹುಲ್ಲಿನ ಮೇಲೆ ಎಲ್ಲಿ ಬೇಕಾದರೂ, ಆದರೆ ಲೀಶ್ ಇರಬೇಕು" ಅಂತ. ಇನ್ನು ಕೆಲವರು ಕೌಂಟರ್‌ವರೆಗೂ ಬಿಡುತ್ತಾರೆ. ಯಾವುದು ಅನ್ನೋದು ಹೆಚ್ಚಾಗಿ ಅಡುಗೆಮನೆ ಮೇಲೆ ನಿಂತಿದೆ. ನಾರ್ತ್ ಕ್ಯಾರೊಲಿನಾದಲ್ಲಿ ಅಡುಗೆ ಮಾಡಿ ಬಡಿಸುವ ಜಾಗದ ಒಳಗೆ ಸಾಕುನಾಯಿಗೆ ಪ್ರವೇಶ ಇಲ್ಲ. ಹೊರಗಿನ ಟೇಬಲ್‌ಗೆ ಬರಬಹುದು, ಆದರೆ ಕಟ್ಟಿರಬೇಕು, ಮತ್ತೆ ಒಳಗಿನಿಂದ ಹಾದು ಬರಬಾರದು. ಈ ಕೊನೆಯ ಮಾತು ನೆನಪಿಡಿ. ಪ್ಯಾಟಿಯೋಗೆ ದಾರಿ ರುಚಿ ನೋಡುವ ಕೋಣೆಯೊಳಗಿಂದಲೇ ಇದ್ದರೆ ನಾಯಿ ಜೊತೆ ಬಾಗಿಲಲ್ಲೇ ನಿಲ್ಲಬೇಕಾಗುತ್ತೆ. ಫೋನ್ ಮಾಡಿದಾಗ "ನಾಯಿ ಬಿಡ್ತೀರಾ" ಅಂತ ಕೇಳಬೇಡಿ. "ನಾಯಿ ಜೊತೆ ಬಂದರೆ ಯಾವ ಗೇಟಿನಿಂದ ಬರಬೇಕು" ಅಂತ ಕೇಳಿ. ಹೌದು, ಇಲ್ಲ ಅಂತ ಹೇಳಿ ಫೋನ್ ಇಡೋಕೆ ಆಗಲ್ಲ, ಜಾಗ ಹೇಗಿದೆ ಅಂತ ವಿವರಿಸಲೇಬೇಕು.

ಹಣ್ಣು ಕೀಳುವ ತೋಟ ಬೇರೆ ಲೆಕ್ಕ. ತಿನ್ನುವ ಹಣ್ಣು ಬೆಳೆಯುವ ಜಾಗ, ಆಹಾರ ಸುರಕ್ಷತೆಯ ನಿಯಮ ಬಿಗಿ. ಬಹಳ ಕಡೆ ನಾಯಿ ಬಿಡಲ್ಲ. ಒಂದೇ ಕುಟುಂಬದ ಜಾಗದಲ್ಲಿ ಸೈಡರ್ ಮನೆಯ ಅಂಗಳಕ್ಕೆ ನಾಯಿ ಬರಬಹುದು, ಬೇಲಿಯಾಚೆ ಮರದ ಸಾಲಿಗೆ ಬರುವಂತಿಲ್ಲ, ಇದನ್ನೂ ನೋಡಿದ್ದೇನೆ.

ದಿನಕ್ಕೆ ಮೂರು ನಾಲ್ಕು ಬೇಡ, ಎರಡು ಸಾಕು. ಶನಿವಾರ ಬಿಟ್ಟು ಶುಕ್ರವಾರ ಹೋಗಿ. ಅಕ್ಟೋಬರ್ ಶನಿವಾರ ಅಂದರೆ ಎಲೆ ಬಣ್ಣ ನೋಡುವವರು, ಕುಂಬಳಕಾಯಿ ಕೊಳ್ಳುವವರು, ಟ್ರ್ಯಾಕ್ಟರ್ ಗಾಡಿ ಹತ್ತುವ ಮಕ್ಕಳು, ಎಲ್ಲ ಸೇರಿ ಜಾತ್ರೆ.

ಮನೆಯಲ್ಲೇ_ಇರಲಿ

ಬೇಜಾರು ಮಾಡಿಕೊಳ್ಳಬೇಡಿ, ಒಂದು ಪ್ರಶ್ನೆ. ಇದರಲ್ಲಿ ನಾಯಿಗೆ ಏನು ಸಿಗುತ್ತೆ? ಎರಡು ಗಂಟೆ ಕಾರು, ಆಮೇಲೆ ಬೆಂಚಿನ ಕೆಳಗೆ ಎರಡು ಗಂಟೆ, ಸುತ್ತ ಹತ್ತು ಅಪರಿಚಿತ ನಾಯಿ, ಮೈಕ್ ಹಿಡಿದು ಹಾಡುವ ಒಬ್ಬ. ಕುಡಿಯೋದು ನೀವು, ಫೋಟೋ ನಿಮ್ಮದು. ನಮ್ಮ ನಾಯಿಯನ್ನು ಒಮ್ಮೆ ಹೀಗೆ ಕರೆದುಕೊಂಡು ಹೋಗಿದ್ದೆ. ಇಡೀ ಹೊತ್ತು ಆಕಳಿಸುತ್ತಾ, ತುಟಿ ನೆಕ್ಕುತ್ತಾ ಕೂತಿತ್ತು. ನಾನು ನಿದ್ದೆ ಅಂದುಕೊಂಡೆ. ಅದು ಗಾಬರಿಯ ಲಕ್ಷಣ ಅಂತ ಆಮೇಲೆ ಗೊತ್ತಾಯಿತು. ಈಗ ಮನೆಯಲ್ಲೇ ಬಿಟ್ಟು ಹೋಗುತ್ತೇವೆ, ಪಕ್ಕದ ಮನೆಯವರು ನೋಡಿಕೊಳ್ಳುತ್ತಾರೆ.

ಶಾರ್ಲೆಟ್_ಕನ್ನಡತಿ

ನ್ಯಾಯವಾದ ಪ್ರಶ್ನೆ. ಆದರೆ ಗುಂಡನನ್ನು ಬಿಟ್ಟು ಹೋದರೆ ಅಪಾರ್ಟ್‌ಮೆಂಟ್ ಪೂರ್ತಿ ಕೇಳುವ ಹಾಗೆ ಊಳಿಡುತ್ತಾನೆ, ಮ್ಯಾನೇಜರ್ ಎರಡು ಸಲ ಚೀಟಿ ಅಂಟಿಸಿದ್ದಾರೆ. ಬೋರ್ಡಿಂಗ್‌ನಲ್ಲಿ ಬಿಟ್ಟರೆ ಊಟ ಬಿಡುತ್ತಾನೆ. ಹಾಗಾಗಿ ಅವನು ಬರೋದು ಖಾಯಂ. ಹೇಗೆ ಕರೆದುಕೊಂಡು ಹೋದರೆ ಅವನಿಗೂ ಪರವಾಗಿಲ್ಲ ಅನ್ನಿಸುತ್ತೆ, ಅದನ್ನು ಹೇಳಿ.

ರಾತ್ರಿಪಾಳಿ_ವೆಟ್

ನಾನು ಪ್ರಾಣಿಗಳ ತುರ್ತು ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುತ್ತೇನೆ. ಸೇಬಿನ ಕಾಲದಲ್ಲಿ ಬರುವ ಕೇಸುಗಳ ಬಗ್ಗೆ ಹೇಳುತ್ತೇನೆ, ಉಳಿದದ್ದು ನಿಮಗೆ ಬಿಟ್ಟದ್ದು.

ಸೇಬಿನ ತಿರುಳು ನಾಯಿಗೆ ಒಳ್ಳೆಯದೇ, ಎರಡು ಮೂರು ಹೋಳು ಕೊಡಿ. ಬೀಜದಲ್ಲಿ ಅಮಿಗ್ಡಾಲಿನ್ ಇದೆ, ಅಗಿದರೆ ಅದರಿಂದ ಸಯನೈಡ್ ಹೊರಬರುತ್ತೆ. ಒಂದೆರಡು ಬೀಜಕ್ಕೆ ಏನೂ ಆಗಲ್ಲ, ಆದರೆ ನಡುವಿನ ಗಟ್ಟಿ ಭಾಗ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಹಾಗಾಗಿ ನಡುಭಾಗ ತೆಗೆದೇ ಕೊಡಿ.

ನಿಜವಾದ ತೊಂದರೆ ನೆಲದ ಮೇಲೆ ಬಿದ್ದ ಹಣ್ಣು. ಬಿದ್ದು ವಾರವಾದ ಸೇಬು ತನ್ನಷ್ಟಕ್ಕೆ ಹುಳಿ ಬಂದಿರುತ್ತೆ, ಅಂದರೆ ಅದರೊಳಗೆ ಆಲ್ಕೋಹಾಲ್ ಇರುತ್ತೆ. ಬೀಗಲ್ ಥರದ ಮೂಗಿನ ನಾಯಿಗೆ ಅದು ಹಬ್ಬದೂಟ. ಹತ್ತು ಹಣ್ಣು ನುಂಗಿದರೆ ತೂರಾಡುತ್ತೆ, ವಾಂತಿ ಮಾಡುತ್ತೆ. ನಗು ಬರುತ್ತೆ ನಿಜ, ಆದರೆ ನಾಯಿಗೆ ಸಕ್ಕರೆ ಅಂಶ ಇಳಿಯಬಹುದು, ಮೈ ತಣ್ಣಗಾಗಬಹುದು. ಗ್ಲಾಸಿನ ತಳದ ಸೈಡರ್ ನೆಕ್ಕಿಸೋದೂ ಬೇಡ, ಯಾರಾದರೂ ತಮಾಷೆಗೆ ಬಟ್ಟಲಿಗೆ ಸುರಿದರೆ ತಡೆಯಿರಿ. ರಸ ಹಿಂಡಿ ಉಳಿದ ಚರಟವನ್ನು ಹಿಂದುಗಡೆ ರಾಶಿ ಹಾಕಿರುತ್ತಾರೆ, ಅಲ್ಲಿಗೂ ಬಿಡಬೇಡಿ.

ಅದೇ ಬಿದ್ದ ಹಣ್ಣಿಗೆ ಕಡಜ ಮುತ್ತಿರುತ್ತೆ. ಆಗಸ್ಟ್ ಕೊನೆಯಿಂದ ಇಬ್ಬನಿ ಮೊದಲ ಸಲ ಗಟ್ಟಿಯಾಗಿ ಹೆಪ್ಪುಗಟ್ಟುವವರೆಗೂ ಹಳದಿ ಪಟ್ಟೆಯವು ವಿಪರೀತ. ನಾಯಿ ಬಾಯಿ ಹಾಕಿ ಹಿಡಿಯೋಕೆ ಹೋಗುತ್ತೆ, ಬಾಯೊಳಗೆ ಕಚ್ಚಿಸಿಕೊಳ್ಳುತ್ತೆ. ತುಟಿ ಊದಿದರೆ ನೋಡುತ್ತಾ ಇರಬಹುದು. ಗಂಟಲು ಊದಿದರೆ, ಉಸಿರಾಟದ ಸದ್ದು ಬದಲಾದರೆ, ಮೇಲಿಂದ ಮೇಲೆ ವಾಂತಿಯಾದರೆ, ಸೀದಾ ಆಸ್ಪತ್ರೆ. ಮನುಷ್ಯರ ಅಲರ್ಜಿ ಮಾತ್ರೆಯನ್ನು ವೆಟ್‌ಗೆ ಕೇಳದೆ ಕೊಡಬೇಡಿ. ಹೊರಡುವ ಮುಂಚೆ ಆ ಊರಿನ ತುರ್ತು ಪ್ರಾಣಿ ಆಸ್ಪತ್ರೆ ಎಲ್ಲಿದೆ ಅಂತ ನೋಡಿಟ್ಟುಕೊಳ್ಳಿ. ಬೆಟ್ಟದ ಕಡೆ ಫೋನ್ ಸಿಗ್ನಲ್ ಹೋದಾಗ ಹುಡುಕೋಕೆ ಆಗಲ್ಲ.

ಇನ್ನು ಕಾರು. "ಹತ್ತೇ ನಿಮಿಷ, ನೆರಳಲ್ಲಿ ನಿಲ್ಲಿಸಿದ್ದೇವೆ" ಅಂತ ಎಲ್ಲರೂ ಹೇಳುತ್ತಾರೆ. ಹೊರಗೆ 70 ಡಿಗ್ರಿ ಫ್ಯಾರನ್‌ಹೀಟ್ ಇದ್ದರೂ ಮುಚ್ಚಿದ ಕಾರಿನೊಳಗೆ ಹತ್ತು ನಿಮಿಷಕ್ಕೆ 89 ಆಗುತ್ತೆ, ಅರ್ಧ ಗಂಟೆಗೆ 104. ಅಕ್ಟೋಬರ್ ಮಧ್ಯಾಹ್ನ ಅಲ್ಲಿ 70 ಅನ್ನೋದು ಮಾಮೂಲಿ.

ಫುಡ್ ಟ್ರಕ್‌ನಿಂದ ಏನಾದರೂ ಕೊಟ್ಟರೆ ಈರುಳ್ಳಿ, ಬೆಳ್ಳುಳ್ಳಿ ಇದೆಯಾ ನೋಡಿ. ದ್ರಾಕ್ಷಿ ಒಂದೂ ಬೇಡ. ಆ ಕಡೆ ಸೈಡರ್ ಮತ್ತು ವೈನ್ ಅಕ್ಕಪಕ್ಕವೇ ಮಾಡುತ್ತಾರೆ, ಹಾಗಾಗಿ ಹೇಳಿದೆ.

ಒಗರು_ನಾಲಿಗೆ

ನಾಯಿ ವಿಷಯ ಆಯಿತು, ಯಾರೂ ಸೈಡರ್ ಬಗ್ಗೆ ಬಾಯಿ ಬಿಡಲಿಲ್ಲವಲ್ಲ! ನಾನು ಹೇಳುತ್ತೇನೆ. ಮನೆಯಲ್ಲಿ ಐದು ಗ್ಯಾಲನ್ ಜಾಡಿಯಲ್ಲಿ ಸೈಡರ್ ಹಾಕುವವನು ನಾನು, ಸ್ವಲ್ಪ ಉದ್ದ ಆಗಬಹುದು.

"ಹಾರ್ಡ್" ಅನ್ನುವ ಪದ ಅಮೆರಿಕದಲ್ಲಿ ಮಾತ್ರ ಬೇಕು. ಇಂಗ್ಲೆಂಡಿನಲ್ಲಿ ಸೈಡರ್ ಅಂದರೇನೇ ಮದ್ಯ. ಇಲ್ಲಿ ಪಾನನಿಷೇಧದ ಕಾಲ ಕಳೆದ ಮೇಲೆ ಬರೀ "ಸೈಡರ್" ಅಂದರೆ ಸೋಸದ ಸೇಬಿನ ರಸ ಅಂತ ಅರ್ಥ ನಿಂತುಬಿಟ್ಟಿತು. ದೇಶಕ್ಕೆ 1920ರಲ್ಲಿ ನಿಷೇಧ ಬಂತು, ನಾರ್ತ್ ಕ್ಯಾರೊಲಿನಾ ಮಾತ್ರ 1909ರಲ್ಲೇ ಬಾಗಿಲು ಹಾಕಿತ್ತು. ಹಾಗಾಗಿ ನಿಮ್ಮ ಅತ್ತೆಗೆ ಚಿಂತೆ ಬೇಡ. "ಸ್ವೀಟ್ ಸೈಡರ್" ಅಂತ ಕೇಳಿ, ಬಿಸಿ ಬೇಕಾದರೆ ಬಿಸಿ, ತಣ್ಣಗೆ ಬೇಕಾದರೆ ಐಸ್ ಪುಡಿಮಾಡಿ ಬೆರೆಸಿದ ಸ್ಲಶ್. ಆದರೆ ಆರ್ಡರ್ ಮಾಡುವಾಗ ಆ "ಸ್ವೀಟ್" ಪದದಲ್ಲಿ ಹುಷಾರು. ಮದ್ಯದ ಪಟ್ಟಿಯಲ್ಲೂ "ಸ್ವೀಟ್" ಅಂತ ಒಂದು ಇರುತ್ತೆ. ನನ್ನ ಮಾವನಿಗೆ ಒಮ್ಮೆ ಹೀಗೆ ಆಗಿದೆ. ಅವರು "ಸೇಬು ಸ್ವಲ್ಪ ಹುಳಿ ಬಂದಿದೆ ಕಣಯ್ಯ" ಅಂತ ಪೂರ್ತಿ ಕುಡಿದು ಮುಗಿಸಿದ್ದರು. ನಾವು ಇವತ್ತಿಗೂ ಹೇಳಿಲ್ಲ.

ಹೆಂಡರ್ಸನ್ ಕೌಂಟಿ ಆ ರಾಜ್ಯದ ಸೇಬಿನ ಕಣಜ. ಊರು ಇರೋದು ಸುಮಾರು 2,100 ಅಡಿ ಮೇಲೆ. ತೋಟಗಳು ಜಾಸ್ತಿ ಇರೋದು ಪೂರ್ವಕ್ಕೆ, 64ನೇ ರಸ್ತೆಯ ಉದ್ದಕ್ಕೂ, ಎಡ್ನಿವಿಲ್ ಕಡೆ. ಆ ಇಳಿಜಾರಿಗೆ ಒಂದು ಗುಣ ಇದೆ. ವಸಂತದ ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ಕಣಿವೆಗೆ ಜಾರುತ್ತೆ, ನಡು ಇಳಿಜಾರು ಸ್ವಲ್ಪ ಬೆಚ್ಚಗೆ ಉಳಿಯುತ್ತೆ, ಹೂವು ಹೆಪ್ಪುಗಟ್ಟಿದ ಇಬ್ಬನಿಗೆ ಕರಟೋದು ತಪ್ಪುತ್ತೆ. ಎಲ್ಲ ವರ್ಷವೂ ಅಲ್ಲ. ಕೆಟ್ಟ ಏಪ್ರಿಲ್ ಬಂದರೆ ಯಾವ ಇಳಿಜಾರೂ ಕಾಯಲ್ಲ.

ಹಣ್ಣಿನ ಲೆಕ್ಕ ಹೀಗೆ: ಆಗಸ್ಟ್‌ನಲ್ಲಿ ಗಾಲಾ, ಹನಿಕ್ರಿಸ್ಪ್. ಸೆಪ್ಟೆಂಬರ್‌ನಲ್ಲಿ ಗೋಲ್ಡನ್ ಡೆಲಿಶಿಯಸ್, ಮುತ್ಸು. ಅಕ್ಟೋಬರ್‌ಗೆ ರೋಮ್, ಫ್ಯೂಜಿ, ಅರ್ಕಾನ್ಸಾ ಬ್ಲ್ಯಾಕ್. ನೀವು ಹೋಗುವ ಹೊತ್ತಿಗೆ ಕೊನೆಯ ಮೂರು ಸಿಗುತ್ತೆ. ಇವೆಲ್ಲ ತಿನ್ನುವ ಸೇಬು. ಇವುಗಳಿಂದ ಮಾಡಿದ ಸೈಡರ್ ತೆಳು, ಸುವಾಸನೆ ಚೆನ್ನಾಗಿರುತ್ತೆ, ಆದರೆ ಒಗರು ಇರಲ್ಲ. ನೆಲ್ಲಿಕಾಯಿ ಕಚ್ಚಿದಾಗ ನಾಲಿಗೆ ಬಿಗಿಯುತ್ತಲ್ಲ, ಆ ಒಗರು. ಅದು ಬೇಕು ಅಂದರೆ ಸೈಡರ್‌ಗೆ ಅಂತಲೇ ಬೆಳೆದ ಹಣ್ಣು ಬೇಕು, ಅದನ್ನು ಹಾಗೇ ತಿಂದರೆ ಉಗಿಯುತ್ತೀರಿ. ಹೆಂಡರ್ಸನ್‌ವಿಲ್‌ನ ಅಪಲೇಚಿಯನ್ ರಿಜ್‌ನವರು ಫ್ರಾನ್ಸಿನ ನಾರ್ಮಂಡಿ ಕಡೆಯ ಅಂಥ ತಳಿಗಳನ್ನು ಹಾಕಿದ್ದಾರೆ. ಸೇಂಟ್ ಪಾಲ್ ಮೌಂಟನ್ ವೈನ್‌ಯಾರ್ಡ್ಸ್ ಕೂಡ ಅದೇ ಮನೆಯವರದು. ಊರ ಮೇನ್ ಸ್ಟ್ರೀಟ್‌ನಲ್ಲಿ, ಆ್ಯಶ್‌ವಿಲ್ ಕಡೆಯಲ್ಲಿ ಇನ್ನೂ ಇವೆ. ಎಲ್ಲದರ ಪಟ್ಟಿ ಕೊಡಲ್ಲ, ಅಂಗಡಿಗಳು ತೆರೆಯುತ್ತವೆ, ಮುಚ್ಚುತ್ತವೆ.

ಫ್ಲೈಟ್ ಅಂತ ನಾಲ್ಕು ಪುಟ್ಟ ಲೋಟದ ಮಣೆ ಕೊಡುತ್ತಾರೆ. ಒಣದಿಂದ, ಅಂದರೆ ಸಿಹಿ ಇಲ್ಲದ್ದರಿಂದ, ಶುರು ಮಾಡಿ ಸಿಹಿಗೆ ಹೋಗಿ, ತಿರುಗಿಸಿದರೆ ಒಣದ್ದು ಬರೀ ಹುಳಿ ನೀರು ಅನ್ನಿಸುತ್ತೆ. ಸಾಮಾನ್ಯ ಸೈಡರ್ 5ರಿಂದ 7 ಶೇಕಡಾ. ತೆರಿಗೆಯ ಲೆಕ್ಕದಲ್ಲಿ 8.5ರ ಕೆಳಗಿದ್ದರೆ ಮಾತ್ರ ಹಾರ್ಡ್ ಸೈಡರ್ ಅನ್ನೋದು, ಮೇಲೆ ಹೋದರೆ ವೈನ್ ತೆರಿಗೆ. ಪಟ್ಟಿಯಲ್ಲಿ "ಪೊಮ್ಮೋ" ಅಂತ ಕಂಡರೆ ನೆನಪಿರಲಿ, ಅದು ರಸಕ್ಕೆ ಸೇಬಿನ ಬ್ರಾಂದಿ ಬೆರೆಸಿದ್ದು, 17ರ ಆಸುಪಾಸು. ಸೈಡರ್ ಥರ ಗಟಗಟ ಕುಡಿಯೋದಲ್ಲ. ಡ್ರೈವ್ ಮಾಡುವವರು ಯಾರು ಅಂತ ಮನೆಯಲ್ಲೇ ತೀರ್ಮಾನ ಮಾಡಿ ಹೊರಡಿ. ಅಲ್ಲೂ ರಕ್ತದಲ್ಲಿ ಆಲ್ಕೋಹಾಲ್ ಮಿತಿ ಶೇಕಡಾ 0.08, ಮತ್ತೆ ಆ ರಸ್ತೆಗಳಲ್ಲಿ ತಿರುವು ಜಾಸ್ತಿ.

ಎರಡು_ಬೆಕ್ಕು_ಒಂದು_ನಾಯಿ

ಸಸ್ಯಾಹಾರಿಗಳು ಒಂದು ಮಾತು ಕೇಳಿ ನೋಡಿ. ಕೆಲವರು ಸೈಡರ್ ತಿಳಿಯಾಗಲಿ ಅಂತ ಜೆಲಟಿನ್ ಹಾಕುತ್ತಾರೆ. ಸೋಸದ ಮಬ್ಬು ಸೈಡರ್ ಆದರೆ ಆ ತಲೆನೋವು ಕಡಿಮೆ. ಸೇಬಿನಿಂದ ಮಾಡೋದರಿಂದ ಗೋಧಿ, ಬಾರ್ಲಿ ಆಗದವರು ಕುಡಿಯಬಹುದು. ನನ್ನ ತಂಗಿಗೆ ಬಿಯರ್ ಆಗಲ್ಲ, ಇದು ಆಗುತ್ತೆ. ಅದರಲ್ಲೂ ಬಾರ್ಲಿ ಮಾಲ್ಟ್ ಬೆರೆಸಿದ ಹೊಸ ನಮೂನೆಗಳು ಬರುತ್ತವೆ, ಕೇಳಿಯೇ ತಗೊಳ್ಳಿ.

ಅಟ್ಲಾಂಟಾ_ಅಣ್ಣ

ನಾವು ಎರಡು ವರ್ಷದ ಹಿಂದೆ ಹೋದಾಗ ಆದದ್ದು ಹೇಳುತ್ತೇನೆ, ಜಾಗದ ಹೆಸರು ಬೇಡ, ತಪ್ಪು ನಮ್ಮದೇ.

ಹೊರಗಡೆ ಮಡಚುವ ಟೇಬಲ್. ನಾನು ಲೀಶ್ ಅನ್ನು ಅದರ ಕಾಲಿಗೆ ಸುತ್ತಿ ಒಳಗೆ ಫ್ಲೈಟ್ ತರೋಕೆ ಹೋದೆ. ಹೆಂಡತಿ ಫೋನ್ ನೋಡುತ್ತಿದ್ದಳು. ಪಕ್ಕದಲ್ಲಿ ಒಂದು ಅಳಿಲು ಓಡಿತು. ನಮ್ಮ ನಾಯಿ 60 ಪೌಂಡ್. ಟೇಬಲ್ ಅದರ ಹಿಂದೆ ಓಡಿತು. ಟೇಬಲ್ ಹಿಂದೆ ಹೆಂಡತಿ ಓಡಿದಳು. ಟೇಬಲ್ ಸದ್ದಿಗೆ ನಾಯಿ ಇನ್ನೂ ಹೆದರಿ ಇನ್ನೂ ಜೋರಾಗಿ ಓಡಿತು. ನಾನು ನಾಲ್ಕು ಲೋಟದ ಮಣೆ ಹಿಡಿದು ಬಾಗಿಲಿಗೆ ಬಂದಾಗ ಅಂಗಳದಲ್ಲಿ ಎಲ್ಲರೂ ಎದ್ದು ನಿಂತಿದ್ದರು. ಯಾರಿಗೂ ಪೆಟ್ಟಾಗಲಿಲ್ಲ, ಎರಡು ಟೇಬಲ್‌ನವರ ಲೋಟ ಹೋಯಿತು, ದುಡ್ಡು ಕೊಟ್ಟೆ. ನಾಯಿ ಆಮೇಲೆ ಒಂದು ತಿಂಗಳು ಮಡಚುವ ಕುರ್ಚಿ ಕಂಡರೆ ದೂರ ಸರಿಯುತ್ತಿತ್ತು.

ಲೀಶ್ ಕೈಯಲ್ಲೇ ಇರಲಿ, ಇಲ್ಲ ಅಂದರೆ ಸೊಂಟಕ್ಕೆ ಕಟ್ಟಿಕೊಳ್ಳಿ. ಉದ್ದ ಎಳೆಯುವ ರೀಲ್ ಲೀಶ್ ಬೇಡ, ಆರು ಅಡಿಯದು ಸಾಕು. ಬ್ಲೂ ರಿಜ್ ಪಾರ್ಕ್‌ವೇಯಲ್ಲೂ ಆರು ಅಡಿ ಮೀರಬಾರದು ಅನ್ನೋದೇ ನಿಯಮ, ಒಂದೇ ಲೀಶ್ ಎರಡಕ್ಕೂ ಆಗುತ್ತೆ. ಒಬ್ಬರು ನಾಯಿ ಜೊತೆ ಕೂರಿ, ಇನ್ನೊಬ್ಬರು ತರಲಿ.

ಮನೆಯಲ್ಲೇ_ಇರಲಿ

ನೋಡಿ, ನಾನು ಹೇಳಿದ್ದು ಇದನ್ನೇ. ಆ ನಾಯಿಗೆ ಒಂದು ತಿಂಗಳು!

ಅಟ್ಲಾಂಟಾ_ಅಣ್ಣ

ಒಪ್ಪಿದೆ ಸಾರ್. ಆದರೆ ಆಮೇಲೆ ಐದು ಸಲ ಹೋಗಿದ್ದೇವೆ, ಅದು ಖುಷಿಯಾಗಿಯೇ ಮಲಗುತ್ತೆ. ನಾಯಿ ಅಂದರೆ ಎಲ್ಲ ಒಂದೇ ಥರ ಅಲ್ವಲ್ಲ.

ಗ್ರೀನ್‌ವಿಲ್_ವಾಸಿ

ಇಬ್ಬರದೂ ಸರಿ. ನನ್ನ ಪದ್ಧತಿ ಇಷ್ಟೇ: ಮೊದಲು ನಾಯಿಯ ಕೆಲಸ, ಆಮೇಲೆ ನಮ್ಮದು. ಬೆಳಿಗ್ಗೆ ಎರಡು ಗಂಟೆ ಡುಪಾಂಟ್ ಕಾಡಿನಲ್ಲಿ ನಡೆಸುತ್ತೇವೆ, ಹುಕರ್ ಫಾಲ್ಸ್, ಟ್ರಿಪಲ್ ಫಾಲ್ಸ್ ಕಡೆ, ಅಲ್ಲೂ ಲೀಶ್ ಕಡ್ಡಾಯ. ಸುಸ್ತಾಗಿ ಬಂದ ನಾಯಿ ಬೆಂಚಿನ ಕೆಳಗೆ ತಾನಾಗೇ ಮಲಗುತ್ತೆ. ಮನೆಯಿಂದ ಅದರ ಹಳೆಯ ಚಾಪೆ ತಗೊಂಡು ಹೋಗಿ. ಆ ವಾಸನೆಯ ಚಾಪೆ ಹಾಸಿದರೆ "ಇದು ನನ್ನ ಜಾಗ" ಅಂತ ಅದಕ್ಕೆ ತಿಳಿಯುತ್ತೆ. ಅಂಗಳದ ಮೂಲೆಯ ಟೇಬಲ್ ಹಿಡಿಯಿರಿ, ನಡುವಿನದು ಬೇಡ. ಒಂದು ಗಂಟೆಗಿಂತ ಹೆಚ್ಚು ಕೂರಬೇಡಿ. ಇಷ್ಟವಾದದ್ದನ್ನು ಕ್ಯಾನ್‌ನಲ್ಲಿ ಕಟ್ಟಿಸಿಕೊಂಡು ಉಳಿದ ಜಾಗದಲ್ಲಿ ಕುಡಿಯಿರಿ.

ರಸ್ತೆ ಬಗ್ಗೆಯೂ ಒಂದು ಮಾತು. 2024ರ ಸೆಪ್ಟೆಂಬರ್ 27ಕ್ಕೆ ಹೆಲೀನ್ ಚಂಡಮಾರುತ ಬಂತಲ್ಲ, ಆ ಕಡೆಗೆ ಬಿದ್ದ ಪೆಟ್ಟು ಸಣ್ಣದಲ್ಲ. ಬ್ಯಾಟ್ ಕೇವ್, ಚಿಮ್ನಿ ರಾಕ್ ಕಡೆ ರಸ್ತೆಯೇ ಕೊಚ್ಚಿಹೋಗಿತ್ತು, ಪಾರ್ಕ್‌ವೇಯ ಎಷ್ಟೋ ಭಾಗ ಮುಚ್ಚಿತ್ತು. ಹಳ್ಳದ ಪಕ್ಕದ ತೋಟಗಳಲ್ಲಿ ಹಣ್ಣು ತುಂಬಿದ ಮರಗಳು ಬುಡಸಮೇತ ಮಗುಚಿದ್ದವು. ಸೇಬಿನ ಸಸಿ ನೆಟ್ಟು ಫಸಲು ಕಾಣೋಕೆ ವರ್ಷಗಳು ಬೇಕು. ಹಾಗಾಗಿ ಹಳೆಯ ಬ್ಲಾಗ್ ನೋಡಿ ದಾರಿ ಹಾಕಿಕೊಳ್ಳಬೇಡಿ, ಹೊರಡುವ ಹಿಂದಿನ ದಿನ ರಾಜ್ಯದ ರಸ್ತೆ ಇಲಾಖೆಯ ನಕ್ಷೆ ನೋಡಿ. ತೋಟದಲ್ಲಿ ಒಂದು ಚೀಲ ಜಾಸ್ತಿ ಹಣ್ಣು ಕೊಂಡರೆ ಅವರಿಗೂ ಒಳ್ಳೆಯದು.

ಬೋಸ್ಟನ್_ಬಾಲ್ಕನಿ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಾವು ವರ್ಜೀನಿಯಾ ಕಡೆ ಹೋಗಬೇಕು ಅಂತಿದ್ದೇವೆ. ಅಲ್ಲೂ ಬ್ಲೂ ರಿಜ್ ಬೆಟ್ಟವೇ ಅಲ್ವಾ, ಸೈಡರ್ ಇದೆಯಾ?

ಒಗರು_ನಾಲಿಗೆ

ಇದೆಯಾ ಅಂತ ಕೇಳ್ತೀರಲ್ಲ! ನನ್ನ ಕೇಳಿದರೆ ಸೈಡರ್‌ಗೆ ವರ್ಜೀನಿಯಾವೇ ಮೇಲು. ನೆಲ್ಸನ್ ಕೌಂಟಿಯ 151ನೇ ರಸ್ತೆ ಹಿಡಿಯಿರಿ, ಪಕ್ಕದ ನಾರ್ತ್ ಗಾರ್ಡನ್‌ನಲ್ಲಿ ಆಲ್ಬೆಮಾರ್ಲ್ ಸೈಡರ್‌ವರ್ಕ್ಸ್ ಇದೆ, ಹಳೆಯ ತಳಿಗಳ ಹುಚ್ಚು ಹಿಡಿದವರು. ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ ತನ್ನ ಮೊಂಟಿಚೆಲ್ಲೋ ತೋಟದಲ್ಲಿ ಸೈಡರ್‌ಗಾಗಿ ಬೆಳೆಸಿದ ಹ್ಯೂಸ್ ಕ್ರ್ಯಾಬ್ ಅನ್ನುವ ಚಿಕ್ಕ ಸೇಬು ಇದೆ, ಅದರ ಸೈಡರ್ ಸಿಕ್ಕಿದರೆ ಬಿಡಬೇಡಿ. ಅವನು ಬಹಳ ಮೆಚ್ಚಿದ ಇನ್ನೊಂದು ತಳಿ ಟ್ಯಾಲಿಯಾಫೆರೋ ಕಳೆದೇಹೋಗಿದೆ, ಜನ ಇನ್ನೂ ಹುಡುಕುತ್ತಾರೆ. ನಾಯಿ ಇದ್ದರೆ ಮೇಲಿನ ಗೇಟಿನ ಪ್ರಶ್ನೆಯೇ ಅಲ್ಲೂ. ಬೇರೆ ಎಳೆ ಶುರು ಮಾಡಿ, ಇಲ್ಲಿ ಬೇಡ, ಗುಂಡನ ವಿಷಯ ಮುಚ್ಚಿಹೋಗುತ್ತೆ.

ಶಾರ್ಲೆಟ್_ಕನ್ನಡತಿ

ಹೋಗಿ ಬಂದೆವು! ಮೊನ್ನೆ ಭಾನುವಾರ ರಾತ್ರಿ ಮನೆ ಸೇರಿದೆವು. ಹೇಳಿದ ಮಾತಿನಲ್ಲಿ ಅರ್ಧ ಕೇಳಿದೆ, ಇನ್ನರ್ಧ ಕೇಳದೆ ಅನುಭವಿಸಿದೆ.

ಶುಕ್ರವಾರ ರಜೆ ಹಾಕೋಕೆ ಆಗಲಿಲ್ಲ, ಶನಿವಾರವೇ ಹೋದೆವು. ಮೊದಲ ತಪ್ಪು. 74ರಲ್ಲಿ ಆರಾಮಾಗಿ ಬಂದ ಗುಂಡ, ಕೊಲಂಬಸ್ ದಾಟಿ 26ನೇ ಹೆದ್ದಾರಿಯಲ್ಲಿ ಸಲೂಡಾ ಏರು ಶುರುವಾದ ಕೂಡಲೇ ಜೊಲ್ಲು ಸುರಿಸೋಕೆ ಶುರು ಮಾಡಿದ. ಅತ್ತೆ ಹಿಂದಿನ ಸೀಟಿನಲ್ಲಿ ಅವನ ಪಕ್ಕ. "ಇದು ಕಕ್ಕುತ್ತೆ, ಗಾಡಿ ನಿಲ್ಲಿಸು" ಅಂದರು. ಇವರು "ಇಲ್ಲಿ ನಿಲ್ಲಿಸೋಕೆ ಆಗಲ್ಲಮ್ಮ" ಅಂದರು. ಅತ್ತೆ ತಕ್ಷಣ ತಮ್ಮ ಚಕ್ಕುಲಿ ಡಬ್ಬದ ಮುಚ್ಚಳ ತೆಗೆದು ಅವನ ಬಾಯಿ ಕೆಳಗೆ ಹಿಡಿದರು. ಸರಿಯಾಗಿ ಅದರೊಳಗೇ. ಸೀಟಿಗೆ ಒಂದು ಹನಿ ಬೀಳಲಿಲ್ಲ. ಬೆಳಿಗ್ಗೆ ಅವನಿಗೆ ಊಟ ಹಾಕಬಾರದಿತ್ತು ಅಂತ ಇವರು ಆಮೇಲೆ ಹೇಳಿದರು, ಊಟ ಹಾಕಿದ್ದು ಅವರೇ.

ಗೇಟಿನ ಪ್ರಶ್ನೆ ಬಂಗಾರದಂಥ ಪ್ರಶ್ನೆ. ಒಂದು ಕಡೆ ಫೋನ್ ಮಾಡಿದಾಗ ಆ ಹುಡುಗಿ ಒಂದು ಕ್ಷಣ ಸುಮ್ಮನಾಗಿ, "ಪಾರ್ಕಿಂಗ್‌ನ ಎಡಕ್ಕೆ ಕಣಜದ ಪಕ್ಕ ಒಂದು ಮರದ ಗೇಟು ಇದೆ, ಅಗುಳಿ ಎತ್ತಿ ಬನ್ನಿ, ಮುಂದಿನ ಬಾಗಿಲಿಂದ ಬರಬೇಡಿ" ಅಂದಳು. ಹೋಗಿ ನೋಡಿದರೆ ಮುಂದಿನ ಬಾಗಿಲಲ್ಲಿ ಮೂರು ನಾಯಿಯವರು ಸಾಲಾಗಿ ನಿಂತು ಏನು ಮಾಡೋದು ಅಂತ ಮುಖ ಮುಖ ನೋಡುತ್ತಿದ್ದರು. ನಾವು ರಾಜರ ಥರ ಪಕ್ಕದ ಗೇಟಿನಿಂದ ಹೋದೆವು. ಮೂಲೆ ಟೇಬಲ್ ಸಿಕ್ಕಿತು. ಚಾಪೆ ಹಾಸಿದೆ. ಗುಂಡ ಮೂರು ಸುತ್ತು ಸುತ್ತಿ ಮಲಗಿದ. ನಾನು ಒಣ ಸೈಡರ್‌ನಿಂದ ಶುರು ಮಾಡಿದೆ. ಒಗರು_ನಾಲಿಗೆಯವರೇ, ನೆಲ್ಲಿಕಾಯಿ ಅಂತ ಹೇಳಿದ್ದು ಸರಿಯಾಗಿ ಹೇಳಿದಿರಿ. ಎರಡನೇ ಗುಟುಕಿಗೆ ಅದೇ ನೆನಪಾಯಿತು. ಎಲ್ಲ ಎಷ್ಟು ಚೆಂದ ಅಂತ ನಾನು ಫೋಟೋ ತೆಗೆಯೋಕೆ ಫೋನ್ ಎತ್ತಿದೆ.

ಆಗ ಟ್ರ್ಯಾಕ್ಟರ್ ಬಂತು. ಹುಲ್ಲಿನ ಗಾಡಿ ತುಂಬ ಮಕ್ಕಳು, ಬೇಲಿಯ ಆಚೆ ಹತ್ತು ಅಡಿ ದೂರದಲ್ಲಿ. ಗುಂಡ ಎದ್ದ. ತಲೆ ಮೇಲೆತ್ತಿದ. ಬೀಗಲ್ ಇರುವವರಿಗೆ ಆಮೇಲಿನ ಸದ್ದು ಗೊತ್ತು, ಇಲ್ಲದವರಿಗೆ ಹೇಳೋಕೆ ಬರಲ್ಲ. ಅದು ಬೊಗಳೋದಲ್ಲ. ಊಳಿಡುತ್ತಾನೆ, ಉಸಿರು ಮುಗಿಯುವವರೆಗೆ, ಆಮೇಲೆ ಇನ್ನೊಂದು ಉಸಿರು. ಗಾಡಿಯ ಮಕ್ಕಳಿಗೆ ಖುಷಿಯೋ ಖುಷಿ, ಅವರೂ ಊಳಿಟ್ಟರು. ಗಾಡಿ ಪ್ರತಿ ಹದಿನೈದು ನಿಮಿಷಕ್ಕೆ ಒಂದು ಸುತ್ತು ಬರುತ್ತೆ ಅಂತ ಪಕ್ಕದ ಟೇಬಲ್‌ನವರು ಹೇಳಿದರು. ಬಹಳ ಮೆತ್ತಗೆ ಹೇಳಿದರು. ಎರಡನೇ ಸುತ್ತಿಗೆ ಮುಂಚೆ ಎದ್ದೆವು. ಒಟ್ಟು ಕೂತದ್ದು ಇಪ್ಪತ್ತೈದು ನಿಮಿಷ.

ಅತ್ತೆಗೆ ಬಿಸಿ ಸ್ವೀಟ್ ಸೈಡರ್ ಕೊಡಿಸಿದೆ, ಮದ್ಯ ಇಲ್ಲದ್ದು ಅಂತ ಮೂರು ಸಲ ಕೇಳಿ ತಂದೆ. ದಾಲ್ಚಿನ್ನಿ ಚಕ್ಕೆ ಹಾಕಿ ಕೊಟ್ಟಿದ್ದರು. "ಶುಂಠಿ ಜಜ್ಜಿ ಹಾಕಿದ್ದರೆ ಕಷಾಯ ಆಗ್ತಿತ್ತು" ಅಂದರು, ಲೋಟ ಮಾತ್ರ ಖಾಲಿ. ಸೈಡರ್ ಡೋನಟ್ ಅವರಿಗೆ ಹಿಡಿಸಲಿಲ್ಲ, ಎಣ್ಣೆ ಜಾಸ್ತಿಯಂತೆ. ತೋಟದ ಅಂಗಡಿಯಲ್ಲಿ ಮಾತ್ರ ಅರ್ಧ ಗಂಟೆ ನಿಂತರು. ಅಲ್ಲಿನ ಅಜ್ಜಿಯೊಬ್ಬರು ರಸ ಹಿಂಡುವ ಯಂತ್ರ ತೋರಿಸಿದರು. ಒಂದು ಬುಶೆಲ್ ಹಣ್ಣಿಗೆ, ಅಂದರೆ ಸುಮಾರು 42 ಪೌಂಡಿಗೆ, ಮೂರು ಗ್ಯಾಲನ್ ರಸ ಬರುತ್ತಂತೆ. ಅತ್ತೆ "ಚರಟ ಏನು ಮಾಡ್ತೀರಿ" ಅಂತ ಕೇಳು ಅಂದರು, ಕೇಳಿದೆ, "ದನಕ್ಕೆ" ಅಂದರು. ಅತ್ತೆ ತಲೆಯಾಡಿಸಿದರು. ಆಮೇಲೆ ನಾನು ಹೊರಗೆ ಬಂದು ಗುಂಡನ ಜೊತೆ ನಿಂತು ಬಿದ್ದ ಹಣ್ಣಿಂದ ಅವನ ಮೂತಿ ಎಳೆಯುತ್ತಿದ್ದೆ. ವೆಟ್ ಮೇಡಂ, ಕಡಜದ ವಿಷಯ ಸುಳ್ಳಲ್ಲ. ಒಂದೇ ಹಣ್ಣಿನೊಳಗೆ ಆರು ಕೂತಿದ್ದವು, ಸೇಬು ಹೊರಗಿಂದ ಚೆನ್ನಾಗಿಯೇ ಕಾಣುತ್ತಿತ್ತು, ಒಳಗೆ ಬರೀ ಸಿಪ್ಪೆ.

ಎರಡನೇ ಸೈಡರ್ ಮನೆ ಕೈಬಿಟ್ಟೆವು. ನಾಲ್ಕು ಕ್ಯಾನ್ ತಗೊಂಡು ಉಳಿದ ಕ್ಯಾಬಿನ್‌ಗೆ ಹೋದೆವು. ಅದರ ಹಿಂದೆ ಕುಯ್ದ ಜೋಳದ ಹೊಲ, ಯಾರೂ ಇಲ್ಲ. ಮೂವತ್ತು ಅಡಿಯ ಹಗ್ಗ ಕಟ್ಟಿ ಬಿಟ್ಟೆ. ಗುಂಡ ಮೂಗು ನೆಲಕ್ಕೆ ಹಚ್ಚಿ ಒಂದೂವರೆ ಗಂಟೆ ತಲೆ ಎತ್ತಲಿಲ್ಲ. ನಾವು ಮೆಟ್ಟಿಲ ಮೇಲೆ ಕೂತು ಕುಡಿದೆವು. ಮನೆಯಲ್ಲೇ_ಇರಲಿಯವರೇ, ನೀವು ಕೇಳಿದಿರಲ್ಲ, ನಾಯಿಗೆ ಏನು ಸಿಗುತ್ತೆ ಅಂತ. ಸೈಡರ್ ಮನೆಯಲ್ಲಿ ಏನೂ ಸಿಗಲಿಲ್ಲ, ಒಪ್ಪಿದೆ. ಆ ಹೊಲ ಸಿಕ್ಕಿತು. ಮುಂದಿನ ಸಲ ನಾನು ಒಬ್ಬಳೇ ಗೇಟಿನೊಳಗೆ ಹೋಗಿ ಕ್ಯಾನ್ ತರುತ್ತೇನೆ, ಅವನು ಇವರ ಜೊತೆ ಹೊಲದಲ್ಲಿ ಇರಲಿ.

ಮನೆಯಲ್ಲೇ_ಇರಲಿ

ಇದು ಸರಿಯಾದ ಲೆಕ್ಕ. ಚಕ್ಕುಲಿ ಡಬ್ಬಕ್ಕೆ ನಮಸ್ಕಾರ.

ರಾತ್ರಿಪಾಳಿ_ವೆಟ್

ಪ್ರಯಾಣದ ವಾಂತಿಗೆ ನಾಯಿಗಳಿಗೆ ಅಂತಲೇ ಮಾತ್ರೆ ಇದೆ, ಮುಂದಿನ ಸಲ ನಿಮ್ಮ ವೆಟ್ ಹತ್ತಿರ ಬರೆಸಿಕೊಳ್ಳಿ. ಅತ್ತೆಯವರನ್ನು ನಮ್ಮ ಆಸ್ಪತ್ರೆಗೆ ಕಳಿಸಿ, ಕೆಲಸ ಕೊಡುತ್ತೇವೆ.

ಒಗರು_ನಾಲಿಗೆ

ಹಣ್ಣು ಏನು ತಂದಿರಿ? ಅರ್ಕಾನ್ಸಾ ಬ್ಲ್ಯಾಕ್ ಸಿಕ್ಕಿತಾ? ಸಿಕ್ಕಿದ್ದರೆ ಈಗ ತಿನ್ನಬೇಡಿ, ಕಲ್ಲಿನ ಹಾಗೆ ಇರುತ್ತೆ. ಫ್ರಿಜ್‌ನಲ್ಲಿ ಇಟ್ಟು ಡಿಸೆಂಬರ್, ಜನವರಿವರೆಗೆ ಮರೆತುಬಿಡಿ. ಆಗ ಬೇರೆಯೇ ಹಣ್ಣಾಗಿರುತ್ತೆ.

ಶಾರ್ಲೆಟ್_ಕನ್ನಡತಿ

ಐದು ಪೌಂಡ್ ತಂದಿದ್ದೆ, ಕಡುಗೆಂಪು, ದೂರದಿಂದ ಬೀಟ್‌ರೂಟ್ ಅನ್ನಿಸೋ ಬಣ್ಣ. ಅಂಗಡಿಯವರೂ ಜನವರಿ ಅಂತಲೇ ಹೇಳಿದ್ದರು, ಹಾಗಾಗಿ ಫ್ರಿಜ್‌ನ ಕೆಳಗಿನ ಡ್ರಾಯರ್‌ನಲ್ಲಿ ಇಟ್ಟಿದ್ದೆ. ಇವತ್ತು ಆಫೀಸಿನಿಂದ ಬಂದರೆ ಡ್ರಾಯರ್ ಅರ್ಧ ಖಾಲಿ. ಗಟ್ಟಿಯಾಗಿದೆ, ಹುಳಿಯಾಗಿದೆ, ಇನ್ನೇನು ಮಾವಿನಕಾಯಿ ಥರವೇ ಅಲ್ವಾ ಅಂತ ಅತ್ತೆ ನಾಲ್ಕು ಹಣ್ಣು ತುರಿದು ಚಿತ್ರಾನ್ನ ಮಾಡಿಟ್ಟಿದ್ದಾರೆ. ಎರಡು ತಟ್ಟೆ ತಿಂದೆ. ಉಳಿದದ್ದಕ್ಕೆ ಉಪ್ಪಿನಕಾಯಿ ಹಾಕಬೇಕು, ಸಾಸಿವೆ ತಾ ಅಂದಿದ್ದಾರೆ.